ಅಮಾನತ್ತಿನ ಗಡಿಯಾರಗಳು

ನಿವೃತ್ತಿಯ ನಂತರ ಏನು ಮಾಡುತ್ತಿದ್ದೀರಿ ಎಂದು ಕೇಳುವವರಿಗೆ 'ವಾಚು ರಿಪೇರಿ ಮಾಡುತ್ತೇನೆ' ಎಂದು ಉತ್ತರಿಸಿದರೆ ಎರಡು ಬಗೆಯ ಪ್ರತಿಕ್ರಿಯೆಗಳು ಬರುತ್ತವೆ. ಕೆಲವರು ಪಿಂಚಣಿ ಸಾಲುತ್ತಿಲ್ಲವೇನೋ ಎಂದು ಮರುಕಪಡುತ್ತಾರೆ. ಇನ್ನು ಕೆಲವರು, 'ಈಗ ಯಾರು ಸಾರ್ ವಾಚು ಕಟ್ಟುತ್ತಾರೆ, ಮೊಬೈಲಿನಲ್ಲೇ ಟೈಮ್ ಇದೆಯಲ್ಲ' ಎಂದು ನಗುತ್ತಾರೆ. ಮೊದಲನೆಯವರಿಗೆ ಕೊಡಬೇಕಾದ ಉತ್ತರ ಸುಲಭ. ಈ ಕೆಲಸದಿಂದ ನನಗೆ ಒಂದು ರೂಪಾಯಿಯ ಆದಾಯವೂ ಇಲ್ಲ. ಎರಡನೆಯವರಿಗೆ ಒಂದೇ ಮಾತಿನಲ್ಲಿ ಉತ್ತರಿಸಲಾಗದು. ಈ ಲೇಖನ ಅವರಿಗಾಗಿ.

ಗಡಿಯಾರಕ್ಕೂ ಧರ್ಮಸಭೆಗೂ ಇರುವ ನಂಟು ಬಹಳ ಹಳೆಯದು. ಮಧ್ಯಯುಗದ ಯೂರೋಪಿನ ಮಠಗಳಲ್ಲಿ ಸನ್ಯಾಸಿಗಳು ಹಗಲಿರುಳೆನ್ನದೆ ನಿಗದಿತ ವೇಳೆಗೆ ಪ್ರಾರ್ಥನೆಗೆ ಸೇರಬೇಕಿತ್ತು. ನಟ್ಟಿರುಳಿನಲ್ಲಿ ಸೂರ್ಯನ ನೆರಳು ಸಹಾಯಕ್ಕೆ ಬರುವುದಿಲ್ಲವಷ್ಟೆ. ಯಂತ್ರದ ಗಡಿಯಾರ ಬೆಳೆದು ಬರಲು ಈ ಅಗತ್ಯವೂ ಒಂದು ಕಾರಣವಾಯಿತು. ಇಂಗ್ಲೆಂಡಿನ ಸಾಲ್ಸ್‌ಬರಿ ಪ್ರಧಾನಾಲಯದಲ್ಲಿ 1386ರ ಸುಮಾರಿನದೆಂದು ಹೇಳಲಾಗುವ ಕಬ್ಬಿಣದ ಗಡಿಯಾರವೊಂದಿದೆ. ಅದಕ್ಕೆ ಮುಖವೂ ಇಲ್ಲ, ಮುಳ್ಳುಗಳೂ ಇಲ್ಲ. ಗಂಟೆ ಬಾರಿಸುವುದಷ್ಟೇ ಅದರ ಕೆಲಸ. ಕಾಲವನ್ನು ಜನರು ಕಣ್ಣಿನಿಂದ ನೋಡುವುದಕ್ಕೆ ಮೊದಲು ಕಿವಿಯಿಂದ ಕೇಳಿದರು ಎಂಬುದು ನನಗೆ ಬಹಳ ಹಿಡಿಸಿದ ಸಂಗತಿ. ಅದಕ್ಕೆ ಕಾರಣವನ್ನು ಮುಂದೆ ಹೇಳುತ್ತೇನೆ.

ಯೇಸುಸಭೆಯ ಗುರು ಮತ್ತೆಯೋ ರಿಚ್ಚಿಯವರ ಕಥೆ ಇನ್ನೂ ಸ್ವಾರಸ್ಯಕರ. 1601ರಲ್ಲಿ ಅವರು ಬೀಜಿಂಗ್ ನಗರವನ್ನು ಪ್ರವೇಶಿಸಿದಾಗ ಚೀನಾದ ವಾನ್ಲಿ ಚಕ್ರವರ್ತಿಗೆ ಒಪ್ಪಿಸಿದ ಕಾಣಿಕೆಗಳಲ್ಲಿ ತಾನಾಗಿಯೇ ಗಂಟೆ ಬಾರಿಸುವ ಗಡಿಯಾರಗಳೂ ಇದ್ದವು. ಚಕ್ರವರ್ತಿ ಅವರಿಗೆ ಮುಖಾಮುಖಿ ದರ್ಶನ ಕೊಡಲೇ ಇಲ್ಲ. ಆದರೆ ಗಡಿಯಾರವೆಂದ ಮೇಲೆ ಅದನ್ನು ನೋಡಿಕೊಳ್ಳುವವರೂ ಬೇಕಲ್ಲವೇ? ಅರಮನೆಯ ಸೇವಕರಿಗೆ ಅದರ ಕೆಲಸವನ್ನು ಕಲಿಸಬೇಕಾಯಿತು, ಕೆಟ್ಟಾಗ ಸರಿಪಡಿಸಬೇಕಾಯಿತು. ಹೀಗೆ ಯಾವ ಪಾಂಡಿತ್ಯವೂ ತೆರೆಯದ ಬಾಗಿಲನ್ನು ರಿಪೇರಿಯ ಕೆಲಸ ತೆರೆಯಿತು. ರಿಚ್ಚಿಯವರು 1610ರಲ್ಲಿ ತೀರಿಕೊಂಡ ಬಹುಕಾಲದ ನಂತರವೂ ಚೀನಾದ ಗಡಿಯಾರ ಕುಶಲಕರ್ಮಿಗಳು ಅವರನ್ನು ತಮ್ಮ ವೃತ್ತಿಯ ಪಾಲಕನೆಂದು ಗೌರವಿಸುತ್ತಿದ್ದರಂತೆ. 2022ರ ಡಿಸೆಂಬರಿನಲ್ಲಿ ಜಗದ್ಗುರು ಫ್ರಾನ್ಸಿಸರು ಅವರನ್ನು 'ಪೂಜ್ಯ'ರ ಸಾಲಿಗೆ ಸೇರಿಸಿದಾಗ ನಮ್ಮ ಪುಟ್ಟ ಗುಂಪು ಒಂದು ಪೊಟ್ಟಣ ಮೈಸೂರುಪಾಕನ್ನು ಹಂಚಿ ತಿಂದಿತು. ನಮ್ಮ ನಾಡಿನಲ್ಲಿಯೂ ಇಂಥ ಪ್ರಯತ್ನ ನಡೆದದ್ದುಂಟು. ಹತ್ತೊಂಬತ್ತನೆಯ ಶತಮಾನದಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಗಡಿಯಾರದ ಕೆಲಸವನ್ನು ಕಲಿಸಲು ಯತ್ನಿಸಿದ್ದರು. ಅವರ ಹಂಚು ಮತ್ತು ನೇಯ್ಗೆ ನೆಲೆಯೂರಿದವು. ಗಡಿಯಾರ ಊರಲಿಲ್ಲ.

ನನಗೆ ಈ ವಿದ್ಯೆಯನ್ನು ಕಲಿಸಿದವರು ತುಮಕೂರಿನ ಒಬ್ಬ ವೃದ್ಧ ಕುಶಲಕರ್ಮಿ. ಎಲ್ಲರೂ ಅವರನ್ನು 'ವಾಚ್ ಭಾಯಿ' ಎಂದೇ ಕರೆಯುತ್ತಾರೆ, ನಾನೂ ಹಾಗೆಯೇ ಬರೆಯುತ್ತೇನೆ. ಎರಡು ಕೈಗಳನ್ನು ಚಾಚಿದರೆ ಮುಗಿದುಹೋಗುವಷ್ಟು ಅಗಲದ ಗೂಡಂಗಡಿ ಅವರದು. ಮುಂದೆ ಗಾಜಿನ ಪೆಟ್ಟಿಗೆ, ಮೇಲೊಂದು ಬಾಗಿದ ಕತ್ತಿನ ದೀಪ, ಬಿಚ್ಚಿದ ಯಂತ್ರಗಳ ಮೇಲೆ ಧೂಳು ಬೀಳದಂತೆ ಬೋರಲು ಹಾಕಿದ ಗಾಜಿನ ಲೋಟಗಳು. ಅವರ ಮಕ್ಕಳಿಬ್ಬರೂ ನನ್ನ ಶಾಲೆಯಲ್ಲಿ ಓದಿದವರಾದ್ದರಿಂದ ನಾನು ಅವರಿಗೆ 'ಮೇಷ್ಟ್ರು'. 2018ರಲ್ಲಿ, ನಿವೃತ್ತನಾದ ಮರುವರ್ಷ, ಅಂಗಡಿಯ ಪಕ್ಕದ ಸ್ಟೂಲಿನ ಮೇಲೆ ಕುಳಿತು ಅವರ ಕೈಗಳನ್ನು ನೋಡುವುದು ನನ್ನ ಸಂಜೆಯ ಅಭ್ಯಾಸವಾಯಿತು. ಕಲಿಸಿಕೊಡಿ ಎಂದು ಕೇಳಿದಾಗ ಅವರು ನಕ್ಕು, 'ನೀವು ಪಾಠ ಮಾಡಿದವರು ಮೇಷ್ಟ್ರೇ, ಸುಮ್ಮನೆ ಕೂರೋದು ನಿಮ್ಮ ಕೈಲಾಗುತ್ತಾ?' ಎಂದರು.

ಆರು ತಿಂಗಳು ನನಗೆ ಯಂತ್ರವನ್ನು ಮುಟ್ಟಗೊಡಲಿಲ್ಲ. ಹಿಂದಿನ ಮುಚ್ಚಳವನ್ನು ತೆಗೆಯುವುದು, ಪಟ್ಟಿಯ ಕೊಳೆಯನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜುವುದು, ಗಾಜಿನ ಗೀರುಗಳನ್ನು ಹೊಳಪು ಮಾಡುವುದು, ಇಷ್ಟೇ ನನ್ನ ಪಾಲಿಗೆ. ಆದರೆ ಆ ಮುಚ್ಚಳಗಳಲ್ಲಿ ನಾನು ಒಂದು ಹೊಸ ಬರಹವನ್ನು ಓದಲು ಕಲಿತೆ. ವಾಚನ್ನು ಸರ್ವಿಸ್ ಮಾಡಿದ ಪ್ರತಿಯೊಬ್ಬ ಕುಶಲಕರ್ಮಿಯೂ ಮುಚ್ಚಳದ ಒಳಬದಿಯಲ್ಲಿ ಸೂಜಿಮೊನೆಯಿಂದ ತನ್ನ ಗುರುತನ್ನೂ ತಿಂಗಳು, ವರ್ಷಗಳನ್ನೂ ಗೀಚಿರುತ್ತಾನೆ. ಗಿರಾಕಿಗೆ ಅದು ಎಂದಿಗೂ ಕಾಣಿಸದು. ಮುಂದೆ ಯಾವುದೋ ಊರಿನಲ್ಲಿ, ಯಾವುದೋ ವರ್ಷ ಅದನ್ನು ತೆರೆಯುವ ಇನ್ನೊಬ್ಬ ಕುಶಲಕರ್ಮಿಗೆ ಮಾತ್ರ ಅದು ಸಂದೇಶ. ಒಂದು ಹಳೆಯ ವೆಸ್ಟ್ ಎಂಡ್ ಕಂಪನಿಯ ವಾಚಿನಲ್ಲಿ ಇಂಥ ಒಂಬತ್ತು ಗೀರುಗಳನ್ನು ನಾನು ಎಣಿಸಿದ್ದೇನೆ. ನಮ್ಮ ಧರ್ಮಕೇಂದ್ರದ ಹಳೆಯ ಜ್ಞಾನಸ್ನಾನದ ದಾಖಲೆಗಳನ್ನು ನೋಡುವಾಗ ಆಗುವಂಥದೇ ಒಂದು ಭಾವನೆ ಆಗ ಉಂಟಾಯಿತು.

ವಾಚಿನ ಒಳಗೆ ಏನು ನಡೆಯುತ್ತದೆಂಬುದನ್ನು ಮಕ್ಕಳಿಗೆ ಹೇಳುವಂತೆ ಹೇಳಿಬಿಡುತ್ತೇನೆ. ನಾವು ಕೀ ಕೊಟ್ಟಾಗ ಒಂದು ಡಬ್ಬಿಯೊಳಗಿನ ಉಕ್ಕಿನ ಪಟ್ಟಿ ಸುತ್ತಿಕೊಳ್ಳುತ್ತದೆ. ಅದು ಬಿಚ್ಚಿಕೊಳ್ಳಲು ಹವಣಿಸುವ ಬಲವೇ ವಾಚಿನ ಜೀವ. ತಡೆಯಿಲ್ಲದಿದ್ದರೆ ಆ ಬಲವೆಲ್ಲ ಕೆಲವೇ ಕ್ಷಣಗಳಲ್ಲಿ ಮುಗಿದುಹೋಗುತ್ತದೆ. ಆದ್ದರಿಂದ ಹಲ್ಲುಚಕ್ರಗಳ ಸಾಲಿನ ಕೊನೆಯಲ್ಲಿ ಒಂದು ಕಾವಲು ಇಡಲಾಗಿದೆ. ಎರಡು ಕೊಂಬುಗಳ ಒಂದು ಪುಟ್ಟ ಕವಲು ಚಕ್ರದ ಹಲ್ಲನ್ನು ತಡೆದು, ಬಿಟ್ಟು, ಮತ್ತೆ ತಡೆಯುತ್ತದೆ. ನಾವು ಕೇಳುವ ಟಿಕ್ ಟಿಕ್ ಸದ್ದು ಈ ತಡೆಯುವಿಕೆಯದೇ. ಅದಕ್ಕೆ ಲಯವನ್ನು ಕೊಡುವುದು ಅತ್ತಿತ್ತ ತೂಗುವ ಬ್ಯಾಲೆನ್ಸ್ ಚಕ್ರ ಮತ್ತು ಕೂದಲಿನಷ್ಟು ತೆಳುವಾದ ಸುರುಳಿ, ಅಂದರೆ ಹೇರ್‌ಸ್ಪ್ರಿಂಗ್. ಹಾಲೆಂಡಿನ ವಿಜ್ಞಾನಿ ಹೈಗನ್ಸ್ 1675ರಲ್ಲಿ ಈ ಸುರುಳಿಯನ್ನು ಅಳವಡಿಸಿ ತೋರಿಸಿದ ಮೇಲೆಯೇ ಜೇಬಿನ ಗಡಿಯಾರ ನಂಬಿಕೆಗೆ ಯೋಗ್ಯವಾಯಿತು. ಎಚ್.ಎಂ.ಟಿ. ಜನತಾ ವಾಚಿನಲ್ಲಿ ಈ ಸದ್ದು ಗಂಟೆಗೆ 18,000 ಬಾರಿ, ದಿನಕ್ಕೆ 4,32,000 ಬಾರಿ ಆಗುತ್ತದೆ. ಅಷ್ಟರಲ್ಲಿ ದಿನಕ್ಕೆ ಅರ್ಧ ನಿಮಿಷ ಹಿಂದೆ ಬಿದ್ದರೆ ನಾವು 'ವಾಚು ಸರಿಯಿಲ್ಲ' ಎನ್ನುತ್ತೇವೆ. ಆ ತಪ್ಪು 2,880ರಲ್ಲಿ ಒಂದು ಪಾಲು ಮಾತ್ರ. ನಮ್ಮಲ್ಲಿ ಯಾರ ಕೆಲಸ ಅಷ್ಟು ನಿಖರವಾಗಿದೆಯೆಂದು ಹೇಳಬಲ್ಲೆವು?

ವಾಚು ನಿಲ್ಲುವುದಕ್ಕೆ ಬಹುಪಾಲು ಕಾರಣ ಮುರಿತವಲ್ಲ, ಒಣಗಿದ ಎಣ್ಣೆ. ಸಾಸಿವೆಗಿಂತ ಎಷ್ಟೋ ಚಿಕ್ಕದಾದ ಎಣ್ಣೆಯ ಹನಿ ವರ್ಷಗಳು ಕಳೆದಂತೆ ಅಂಟಾಗಿ ಚಕ್ರಗಳ ಕಾಲನ್ನು ಹಿಡಿಯುತ್ತದೆ. ಈಚೆಗೆ ಇನ್ನೊಂದು ಕಾಯಿಲೆಯೂ ಸೇರಿದೆ. ಮೊಬೈಲು ಮತ್ತು ಸ್ಪೀಕರುಗಳ ಬಳಿ ಇಟ್ಟ ವಾಚಿನ ಸುರುಳಿಗೆ ಅಯಸ್ಕಾಂತದ ಗುಣ ಹತ್ತಿ, ಸುತ್ತುಗಳು ಒಂದಕ್ಕೊಂದು ಅಂಟಿಕೊಂಡು ವಾಚು ಓಡತೊಡಗುತ್ತದೆ. ಒಂದು ದಿಕ್ಸೂಚಿಯನ್ನು ಹತ್ತಿರ ಹಿಡಿದರೆ ಗೊತ್ತಾಗುತ್ತದೆ. ಇದಕ್ಕೆ ಮದ್ದು ಎರಡು ನಿಮಿಷದ್ದು.

ಭಾಯಿಯವರನ್ನು ಜೀವನವಿಡೀ ನೋಯಿಸಿದ ಒಂದು ಮಾತನ್ನು ಇಲ್ಲಿ ಹೇಳಲೇಬೇಕು. ವಾಚಿನ ಮುಖದ ಮೇಲೆ '17 ಜ್ಯುವೆಲ್ಸ್' ಎಂದು ಬರೆದಿರುವುದನ್ನು ನೋಡಿ, ರಿಪೇರಿಯವರು ಒಳಗಿನ ಹರಳುಗಳನ್ನು ಕದ್ದು ಗಾಜಿನ ಚೂರು ಹಾಕಿಬಿಡುತ್ತಾರೆ ಎಂಬ ಗುಮಾನಿ ನಮ್ಮ ಜನರಲ್ಲಿ ಬೇರೂರಿದೆ. ಹರಳು ಇರುವುದು ನಿಜ. ಚಕ್ರಗಳ ಸೂಜಿಯಂಥ ಅಕ್ಷಗಳು ಸವೆಯದಂತೆ ಆಧಾರವಾಗಿ ಮಾಣಿಕ್ಯವನ್ನು ಬಳಸುತ್ತಾರೆ. ಆದರೆ ವೆರ್ನೊಯ್ ಎಂಬ ಫ್ರೆಂಚ್ ವಿಜ್ಞಾನಿ ಕೃತಕ ಮಾಣಿಕ್ಯವನ್ನು ತಯಾರಿಸುವ ವಿಧಾನವನ್ನು 1902ರಲ್ಲಿಯೇ ಪ್ರಕಟಿಸಿದರು. ಅಂದಿನಿಂದ ಆ ಹರಳಿಗೆ ಮಾರುಕಟ್ಟೆಯಲ್ಲಿ ಕಡಲೆಪುರಿಯ ಬೆಲೆಯೂ ಇಲ್ಲ. ಇದನ್ನು ಎಷ್ಟು ಬಿಡಿಸಿ ಹೇಳಿದರೂ, ಎದುರಿಗೇ ಕುಳಿತು ರಿಪೇರಿ ಮಾಡಿಸಿಕೊಂಡು ಹೋಗುವವರು ಕಡಿಮೆಯಾಗಲಿಲ್ಲ. ಐವತ್ತು ವರ್ಷ ಪರರ ಸ್ವತ್ತನ್ನು ಕೈಯಲ್ಲಿ ಹಿಡಿದ ಮನುಷ್ಯನನ್ನು ಹಾಗೆ ಕಾಯುತ್ತ ಕೂರುವುದು ಎಂಥ ಅವಮಾನವೆಂದು ನಾವು ಯೋಚಿಸುವುದಿಲ್ಲ.

2020ರ ಮಾರ್ಚಿಯಲ್ಲಿ ಲಾಕ್‌ಡೌನ್ ಬಂದಾಗ ಆ ಗೂಡಂಗಡಿಯ ಬಾಗಿಲು ಮುಚ್ಚಿತು. ಮತ್ತೆ ತೆರೆಯಲಿಲ್ಲ. ಭಾಯಿಯವರ ಕಣ್ಣುಗಳಲ್ಲಿ ಗ್ಲಾಕೋಮಾ ಮೊದಲೇ ಸದ್ದಿಲ್ಲದೆ ಬೆಳೆಯುತ್ತಿತ್ತು. ಮರುವರ್ಷದ ಹೊತ್ತಿಗೆ ಎಡಗಣ್ಣು ಪೂರ್ಣವಾಗಿ, ಬಲಗಣ್ಣು ಬಹುಮಟ್ಟಿಗೆ ಹೋಗಿತ್ತು. ಒಂದು ದಿನ ಅವರ ಮಗ ಬಂದು, 'ಅಬ್ಬಾ ಕರೀತಿದ್ದಾರೆ ಸಾರ್' ಎಂದ. ಹೋದಾಗ ಭಾಯಿ ಮಂಚದ ಕೆಳಗಿನಿಂದ ಒಂದು ದೊಡ್ಡ ಬಿಸ್ಕತ್ತಿನ ಡಬ್ಬಿಯನ್ನು ಎಳೆಸಿದರು. ಅದರಲ್ಲಿ 63 ವಾಚುಗಳಿದ್ದವು. ಒಂದೊಂದಕ್ಕೂ ದಾರದಿಂದ ಕಟ್ಟಿದ ಚೀಟಿ. ಗಿರಾಕಿಗಳು ಕೊಟ್ಟು ಹೋಗಿ ಮರಳಿ ಬಾರದಿದ್ದವು, ಅಂಗಡಿ ಮುಚ್ಚಿದ್ದರಿಂದ ತಲುಪದೆ ಉಳಿದವು.

'ಇವು ನನ್ನವಲ್ಲ ಮೇಷ್ಟ್ರೇ. ಅಮಾನತ್. ನಾಳೆ ಅಲ್ಲಿ ಲೆಕ್ಕ ಕೇಳ್ತಾರೆ. ರಿಪೇರಿ ಮಾಡಿ ಅವರವರಿಗೆ ತಲುಪಿಸಿ' ಎಂದರು.

ಸರ್ಕಾರಿ ನೌಕರನಾಗಿದ್ದ ನನಗೆ ಆ ಶಬ್ದದ ಒಂದೇ ಅರ್ಥ ಗೊತ್ತಿತ್ತು. ಕಛೇರಿಯ ಕನ್ನಡದಲ್ಲಿ ಅಮಾನತ್ತೆಂದರೆ ನೌಕರನನ್ನು ಕೆಲಸದಿಂದ ತಾತ್ಕಾಲಿಕವಾಗಿ ದೂರವಿಡುವುದು. ಆದರೆ ಅದರ ಮೂಲ ಅರ್ಥ, ನಂಬಿ ಒಪ್ಪಿಸಿದ ವಸ್ತು. ಅದನ್ನು ಒಪ್ಪಿಸಿದವರಿಗೆ ಮರಳಿ ಮುಟ್ಟಿಸುವುದು ಭಾಯಿಯವರ ಧರ್ಮದಲ್ಲಿ ದೇವರ ಎದುರಿಗಿನ ಕರ್ತವ್ಯ. ಯಜಮಾನನು ಸೇವಕರ ಕೈಗೆ ತಲಾಂತುಗಳನ್ನು ಒಪ್ಪಿಸಿ ಹೋದ ಸಾಮತಿಯನ್ನು ನಾವೂ ವರ್ಷವರ್ಷ ಕೇಳುತ್ತೇವೆ. ಡಬ್ಬಿಯನ್ನು ಸ್ಕೂಟರಿನ ಮುಂದೆ ಇಟ್ಟುಕೊಂಡು ಮನೆಗೆ ಬರುವಾಗ, ಅದು ಕೇವಲ ಕೇಳುವ ಕಥೆಯಲ್ಲವೆಂದು ನನಗೆ ಅರಿವಾಯಿತು.

ಒಬ್ಬನಿಂದಾಗುವ ಕೆಲಸ ಇದಾಗಿರಲಿಲ್ಲ. ಬಿಡಿಭಾಗಗಳಿಗಾಗಿ ಬೆಂಗಳೂರಿನ ಚಿಕ್ಕಪೇಟೆಗೆ ಹೋದೆ. ಅಲ್ಲಿನ ಒಂದು ಇಕ್ಕಟ್ಟಾದ ಮಹಡಿಯ ಅಂಗಡಿಯಲ್ಲಿ, ನಾನು ಕೇಳಿದ ಬ್ಯಾಲೆನ್ಸ್ ದಂಡವನ್ನು ಕಾಗದದ ಪೊಟ್ಟಣದಿಂದ ತೆಗೆಯುತ್ತಾ ಮಾಲೀಕರು, 'ತುಮಕೂರಿಂದಲೇ ಇನ್ನೊಬ್ಬರು ಹೋದ ವಾರ ಇದನ್ನೇ ಕೊಂಡುಹೋದರು. ಹೆಂಗಸರು, ವಯಸ್ಸಾದವರು' ಎಂದರು. ನನಗೆ ನಂಬಿಕೆಯಾಗಲಿಲ್ಲ. ನನ್ನ ದೂರವಾಣಿ ಸಂಖ್ಯೆಯನ್ನು ಅಂಗಡಿಯಲ್ಲಿ ಬಿಟ್ಟು ಬಂದೆ. ಹದಿನೈದು ದಿನಗಳ ನಂತರ ಕರೆ ಬಂತು. ಆಕೆಯ ಮನೆ ನಮ್ಮ ಮನೆಗೆ ಎರಡು ಕಿಲೋಮೀಟರು ದೂರದಲ್ಲಿತ್ತು!

ಅವರು ಎಚ್.ಎಂ.ಟಿ. ವಾಚು ಕಾರ್ಖಾನೆಯಲ್ಲಿ ಹೇರ್‌ಸ್ಪ್ರಿಂಗ್ ಜೋಡಿಸುವ ಕೆಲಸದಲ್ಲಿದ್ದವರು. ಇಂದಿನ ಮಕ್ಕಳಿಗೆ ಎಚ್.ಎಂ.ಟಿ. ಎಂದರೆ ಏನೆಂದು ಹೇಳಬೇಕಾಗಿದೆ. ಯಂತ್ರೋಪಕರಣಗಳನ್ನು ತಯಾರಿಸಲೆಂದು 1953ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಹಿಂದುಸ್ಥಾನ್ ಮೆಷಿನ್ ಟೂಲ್ಸ್, 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ವಾಚುಗಳನ್ನು ತಯಾರಿಸತೊಡಗಿತು. ತುಮಕೂರಿನ ಕಾರ್ಖಾನೆ ಆರಂಭವಾದದ್ದು 1978ರಲ್ಲಿ. ಜನತಾ, ಪೈಲಟ್, ಕೋಹಿನೂರ್, ಸೋನಾ, ಕಾಂಚನ ಎಂಬ ಹೆಸರುಗಳು ಒಂದು ಕಾಲಕ್ಕೆ ಮನೆಮಾತು. ಅಂಧರು ಬೆರಳಿನಿಂದ ಮುಟ್ಟಿ ಹೊತ್ತನ್ನು ತಿಳಿಯುವ ಬ್ರೈಲ್ ವಾಚನ್ನೂ ಅದು ತಯಾರಿಸಿತು. ಪರೀಕ್ಷೆಯಲ್ಲಿ ತೇರ್ಗಡೆಯಾದ ಮಗನಿಗೆ, ಮದುವೆಯಾದ ಅಳಿಯನಿಗೆ, ನಿವೃತ್ತರಾದ ಗುಮಾಸ್ತರಿಗೆ ಕೊಡುತ್ತಿದ್ದ ಉಡುಗೊರೆ ಅದೇ ಆಗಿತ್ತು. ಆಮೇಲೆ ಕಾಲ ಬದಲಾಯಿತು. ಜಪಾನಿನ ಸೈಕೋ ಕಂಪನಿ 1969ರ ಡಿಸೆಂಬರ್ 25ರಂದು, ನಾವು ಕ್ರಿಸ್ತಜಯಂತಿಯನ್ನು ಆಚರಿಸುವ ದಿನವೇ, ಜಗತ್ತಿನ ಮೊದಲ ಕ್ವಾರ್ಟ್ಜ್ ಕೈಗಡಿಯಾರವನ್ನು ಮಾರಾಟಕ್ಕೆ ಬಿಟ್ಟಿತು. ಬ್ಯಾಟರಿಯಿಂದ ನಡೆಯುವ, ಅಗ್ಗವಾದ, ಕೀ ಕೊಡಬೇಕಿಲ್ಲದ ವಾಚುಗಳ ಮುಂದೆ ಸುರುಳಿಯ ವಾಚು ನಿಲ್ಲಲಾರದೆ ಹೋಯಿತು. 2016ರ ಜನವರಿಯಲ್ಲಿ ಕೇಂದ್ರ ಸರ್ಕಾರ ಎಚ್.ಎಂ.ಟಿ. ವಾಚಸ್ ಕಂಪನಿಯನ್ನು ಮುಚ್ಚಲು ಒಪ್ಪಿಗೆ ನೀಡಿತು. ತುಮಕೂರಿನ ಕಾರ್ಖಾನೆಯ ಜಾಗ ಇಸ್ರೋ ಸಂಸ್ಥೆಗೆ ಹೋಯಿತು. ಬೆಂಗಳೂರಿನ ಜಾಲಹಳ್ಳಿಯಲ್ಲಿ 2019ರಲ್ಲಿ ತೆರೆದ ಎಚ್.ಎಂ.ಟಿ. ವಸ್ತುಸಂಗ್ರಹಾಲಯಕ್ಕೆ ಮಕ್ಕಳನ್ನು ಒಮ್ಮೆ ಕರೆದುಕೊಂಡು ಹೋಗಿ.

ಅಕ್ಕ (ಗುಂಪಿನಲ್ಲಿ ಎಲ್ಲರೂ ಅವರನ್ನು ಹಾಗೆಯೇ ಕರೆಯುತ್ತೇವೆ) ಕಾರ್ಖಾನೆ ಬಿಟ್ಟ ಮೇಲೂ ನೆರೆಹೊರೆಯವರ ವಾಚುಗಳನ್ನು ಅಡುಗೆಮನೆಯ ಕಿಟಕಿಯ ಬಳಿ ಕುಳಿತು ಸರಿಪಡಿಸುತ್ತಿದ್ದರು. ತಾನೊಬ್ಬಳೇ ಈ ಹುಚ್ಚಿನವಳೆಂದು ಅವರೂ ತಿಳಿದಿದ್ದರಂತೆ. ಮೂರನೆಯವನು ಬೆಂಗಳೂರಿನ ಒಬ್ಬ ಸಾಫ್ಟ್‌ವೇರ್ ತರುಣ. ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಭಾನುವಾರದ ಹಳೆಯ ಸಾಮಾನಿನ ಸಂತೆಯಲ್ಲಿ ವಾಚುಗಳನ್ನು ಆರಿಸುವವನು. ಅದೇ ಚಿಕ್ಕಪೇಟೆಯ ಅಂಗಡಿಯ ಮೂಲಕವೇ ನಮಗೆ ಸಿಕ್ಕ. ನಾಲ್ಕನೆಯವರು ದರ್ಜಿ, ಪೋಲಿಯೋದಿಂದ ಒಂದು ಕಾಲು ಊನವಾದವರು. ಕುಳಿತು ಮಾಡುವ ಕೆಲಸವೆಂದು ಎಳೆಯ ವಯಸ್ಸಿನಲ್ಲಿ ವಾಚು ರಿಪೇರಿಯ ತರಬೇತಿಗೆ ಕಳುಹಿಸಲ್ಪಟ್ಟ ಅನೇಕರಲ್ಲಿ ಅವರೂ ಒಬ್ಬರು. ವಾಚಿನಿಂದ ಹೊಟ್ಟೆ ತುಂಬದೆ ಹೊಲಿಗೆ ಕಲಿತರು. ಮೂವತ್ತು ವರ್ಷಗಳ ಬಳಿಕ ಚಿಮಟ ಹಿಡಿದಾಗ ಅವರ ಬೆರಳುಗಳು ಏನನ್ನೂ ಮರೆತಿರಲಿಲ್ಲ. ಗುರುಗಳು ದೊಡ್ಡ ಮನಸ್ಸಿನಿಂದ ಧರ್ಮೋಪದೇಶದ ಕೋಣೆಯನ್ನು ತಿಂಗಳ ಎರಡನೆಯ ಶನಿವಾರ ನಮಗೆ ಬಿಟ್ಟುಕೊಟ್ಟರು. ಮಕ್ಕಳ ಪುಟ್ಟ ಬೆಂಚುಗಳು ವಾಚಿನ ಕೆಲಸಕ್ಕೆ ಹೇಳಿ ಮಾಡಿಸಿದ ಎತ್ತರದವು. ಗದ್ದ ಮೇಜಿಗೆ ಸಮವಾಗಿ ಬರುತ್ತದೆ.

ಆ ಕೋಣೆಯಲ್ಲಿ ಕಳೆದ ಮಧ್ಯಾಹ್ನಗಳನ್ನು ವರ್ಣಿಸುವುದು ಕಷ್ಟ. ಮಾತು ಕಡಿಮೆ. ಒಬ್ಬರು ಉಸಿರು ಬಿಗಿಹಿಡಿದಿರುವಾಗ ಇನ್ನೊಬ್ಬರು ಕೆಮ್ಮುವುದಿಲ್ಲ. ಒಮ್ಮೆ ತರುಣನ ಚಿಮಟದಿಂದ ಅಕ್ಕಿಯ ನುಚ್ಚಿನಷ್ಟು ಚಿಕ್ಕದಾದ ಸ್ಪ್ರಿಂಗೊಂದು ಹಾರಿಹೋಯಿತು. ಫ್ಯಾನು ನಿಲ್ಲಿಸಿ, ಟಾರ್ಚು ಹಚ್ಚಿ, ನಾಲ್ವರೂ ನೆಲದ ಮೇಲೆ ಮಂಡಿಯೂರಿದೆವು. ಬಾಗಿಲಲ್ಲಿ ನಿಂತ ಗುರುಗಳು, 'ಲೂಕನ ಹದಿನೈದನೆಯ ಅಧ್ಯಾಯವೇ?' ಎಂದು ಕೇಳಿ, ತಾವೂ ಪೊರಕೆ ತಂದರು. ನಲವತ್ತು ನಿಮಿಷಗಳ ನಂತರ ಅದು ದರ್ಜಿಯವರ ಅಂಗಿಯ ಮಡಿಕೆಯಲ್ಲಿ ಸಿಕ್ಕಿತು. ನೆರೆಹೊರೆಯವರನ್ನು ಕರೆಯಲಿಲ್ಲ ನಿಜ, ಆದರೆ ಕಾಫಿ ಕುಡಿದೆವು.

ಭಿನ್ನಾಭಿಪ್ರಾಯಗಳೂ ಇಲ್ಲದಿಲ್ಲ. ಎಚ್.ಎಂ.ಟಿ. ಮುಚ್ಚುವ ಸುದ್ದಿ 2014ರಲ್ಲಿ ಹರಡಿದಾಗ ಜನ ಆ ವಾಚುಗಳಿಗೆ ಮುಗಿಬಿದ್ದರು. ಬೇಡಿಕೆ ಏರಿದ ಮೇಲೆ, ಹಳೆಯ ಯಂತ್ರಕ್ಕೆ ಹೊಸದಾಗಿ ಬಣ್ಣ ಬಳಿದ ಮುಖಗಳನ್ನು ಅಂಟಿಸಿ 'ಅಪರೂಪದ ವಾಚು' ಎಂದು ಮಾರುವವರೂ ಹುಟ್ಟಿಕೊಂಡರು. ಕಾರ್ಖಾನೆ ಎಂದೂ ತಯಾರಿಸದ ಬಣ್ಣಗಳು! ಡಬ್ಬಿಯಲ್ಲಿದ್ದ ಒಂದು ಕೋಹಿನೂರಿನ ಮುಖ ಬೆವರಿನಿಂದ ಕಂದಿ, ಅಂಕಿಗಳು ಅರ್ಧ ಅಳಿಸಿದ್ದವು. ದರ್ಜಿಯವರು ಹೊಸ ಮುಖ ಹಾಕೋಣ, ಪಡೆಯುವವರಿಗೆ ಸಂತೋಷವಾಗುತ್ತದೆ ಎಂದರು. ತರುಣ ಸುತರಾಂ ಒಪ್ಪಲಿಲ್ಲ, ಅದು ಸುಳ್ಳು ಹೇಳಿದಂತೆ ಎಂದ. ದರ್ಜಿಯವರೂ ಬಿಡಲಿಲ್ಲ. 'ಹರಿದ ಅಂಗಿಗೆ ತೇಪೆ ಹಾಕೋದು ಸುಳ್ಳೇನಪ್ಪಾ?' ಎಂದು ಕೇಳಿದರು. ನನಗೆ ಇಂದಿಗೂ ದರ್ಜಿಯವರ ಪ್ರಶ್ನೆ ತಳ್ಳಿಹಾಕುವಂಥದಲ್ಲ ಎನಿಸುತ್ತದೆ. ಮಾರುವವನು ಮುಚ್ಚಿಡುವುದು ಬೇರೆ, ಸೇವೆ ಮಾಡುವವನು ಹೇಳಿ ಬದಲಾಯಿಸುವುದು ಬೇರೆ. ಕೊನೆಗೆ ಅಕ್ಕ, 'ತಮ್ಮಾ, ವಾಚು ನಮ್ಮದಲ್ಲ. ನಡೆಯೋ ಹಾಗೆ ಮಾಡೋಣ, ಮುಖ ಅವರನ್ನೇ ಕೇಳೋಣ' ಎಂದು ತೀರ್ಪು ಕೊಟ್ಟರು.

ಆ ಕೋಹಿನೂರಿನ ಯಜಮಾನರು 2021ರ ಕೋವಿಡ್ ಅಲೆಯಲ್ಲಿ ತೀರಿಕೊಂಡಿದ್ದರು. ಕ್ಯಾತಸಂದ್ರದಲ್ಲಿ ಅವರ ಮಗಳು ವಾಚನ್ನು ಎರಡೂ ಕೈಗಳಿಂದ ತೆಗೆದುಕೊಂಡಳು. ಮುಖವನ್ನು ಹೊಸದಾಗಿಸಬೇಕೇ ಎಂಬ ನಮ್ಮ ಪ್ರಶ್ನೆಯನ್ನು ಅವಳು ಕೇಳಿಸಿಕೊಂಡಂತೆಯೇ ಕಾಣಲಿಲ್ಲ. ತಂದೆಯ ಬೆವರಿನಿಂದ ಕಪ್ಪಾಗಿದ್ದ ಚರ್ಮದ ಪಟ್ಟಿಯನ್ನು ಮೂಗಿನ ಬಳಿ ಹಿಡಿದು ಬಹಳ ಹೊತ್ತು ನಿಂತಿದ್ದಳು. ಆ ಪಟ್ಟಿಯನ್ನು ಬದಲಾಯಿಸದೆ ಬಿಟ್ಟದ್ದು ದರ್ಜಿಯವರೇ.

ಈಗ ಕಿವಿಯ ಮಾತಿಗೆ ಬರುತ್ತೇನೆ. ರಿಪೇರಿಯಾದ ಯಾವ ವಾಚನ್ನೂ ಭಾಯಿಯವರಿಗೆ ಒಪ್ಪಿಸದೆ ನಾವು ಹಿಂದಿರುಗಿಸುವುದಿಲ್ಲ. ಅವರು ಅದನ್ನು ಕಿವಿಗೆ ಹಿಡಿಯುತ್ತಾರೆ, ಮಲಗಿಸುತ್ತಾರೆ, ನಿಲ್ಲಿಸುತ್ತಾರೆ, ಬೋರಲು ಮಾಡುತ್ತಾರೆ. ಟಿಕ್ಕಿಗೂ ಟಕ್ಕಿಗೂ ನಡುವಿನ ಅಂತರ ಎರಡೂ ಕಡೆ ಸಮವಾಗಿರಬೇಕು. ಇಲ್ಲವಾದರೆ 'ಕುಂಟುತ್ತಿದೆ' ಎಂದು ವಾಪಸು ಕೊಡುತ್ತಾರೆ. ತರುಣನ ಬಳಿ ಈ ವ್ಯತ್ಯಾಸವನ್ನು ಅಳೆಯುವ ಯಂತ್ರವಿದೆ. ವಾಚಿನ ಸದ್ದನ್ನು ಆಲಿಸಿ ಪರದೆಯ ಮೇಲೆ ಗೆರೆ ಎಳೆಯುತ್ತದೆ. ಭಾಯಿ 'ಕುಂಟುತ್ತಿದೆ' ಎಂದ ಒಂದು ವಾಚನ್ನು ಅದರ ಮೇಲಿಟ್ಟಾಗ, ಒಂದು ಸೆಕೆಂಡನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ನಾಲ್ಕು ಪಾಲಿನಷ್ಟು ವ್ಯತ್ಯಾಸ ತೋರಿತು. ತರುಣ ಮಾತನಾಡದೆ ಯಂತ್ರವನ್ನು ಚೀಲಕ್ಕೆ ಹಾಕಿಕೊಂಡ. ಮುಂದಿನ ಭೇಟಿಗೆ ಬಂದಾಗ ನೆಲದ ಮೇಲೆ, ಭಾಯಿಯವರ ಮಂಚದ ಪಕ್ಕ ಕುಳಿತು, ಕಣ್ಣು ಮುಚ್ಚಿಕೊಂಡು ಕೇಳುವುದನ್ನು ಕಲಿಯತೊಡಗಿದ. ಇಪ್ಪತ್ತೊಂಬತ್ತರ ವಯಸ್ಸಿನವನು. ಈಗ ತಿಂಗಳಿಗೆರಡು ಬಾರಿ ರೈಲಿನಲ್ಲಿ ಬರುತ್ತಾನೆ.

ಯಜಮಾನರನ್ನು ಹುಡುಕುವ ಕೆಲಸ ರಿಪೇರಿಗಿಂತ ಕಠಿಣವಾಗಿತ್ತು. 63ರಲ್ಲಿ 44 ಚೀಟಿಗಳನ್ನು ಮಾತ್ರ ಓದಬಹುದಾಗಿತ್ತು. ಕೆಲವದರಲ್ಲಿ ಹೆಸರಿದೆ, ಊರಿಲ್ಲ. ಒಂದರಲ್ಲಿ 'ಬಸ್ ಕಂಡಕ್ಟರ್, ಶಿರಾ ರೂಟ್' ಎಂದಷ್ಟೇ ಇದೆ. ಬಲಿಪೂಜೆಯ ಕೊನೆಯಲ್ಲಿ ಗುರುಗಳು ಪ್ರಕಟಣೆ ಮಾಡಿದರು. ಮಸೀದಿಯಲ್ಲಿ ಭಾಯಿಯವರ ಮಗ ಹೇಳಿಸಿದ. ಅಕ್ಕ ತಮ್ಮ ಬೀದಿಯ ಗಣಪತಿ ಗುಡಿಯ ಫಲಕದಲ್ಲಿ ಪಟ್ಟಿ ಅಂಟಿಸಿದರು. ಒಬ್ಬ ಕನ್ಯಾಸ್ತ್ರೀಯ ವಾಚೂ ಸಿಕ್ಕಿತು. ಔಷಧಾಲಯದಲ್ಲಿ ರೋಗಿಗಳ ನಾಡಿ ಎಣಿಸಲು ಇಪ್ಪತ್ತು ವರ್ಷ ಬಳಸಿದ್ದು. ಆಕೆ ಈಗ ಜಾರ್ಖಂಡಿನ ಕಾನ್ವೆಂಟಿನಲ್ಲಿದ್ದಾರೆ. ಅಂಚೆಯಲ್ಲಿ ಕಳುಹಿಸಿದೆವು. ಉತ್ತರವಾಗಿ ಬಂದ ಪತ್ರವನ್ನು ಭಾಯಿಯವರಿಗೆ ಓದಿ ಹೇಳಿದಾಗ ಅವರು, 'ಸಿಸ್ಟರ್ ಅಮ್ಮನವರು ಮುಂಗಡವಾಗಿ ಎಂಬತ್ತು ರೂಪಾಯಿ ಕೊಟ್ಟಿದ್ದರು, ಕೆಲಸಕ್ಕೆ ಆಗಿದ್ದು ಅರವತ್ತು' ಎಂದು ನೆನಪಿಸಿಕೊಂಡು, ಉಳಿದ ಇಪ್ಪತ್ತನ್ನು ಕಳುಹಿಸಲು ಹಟ ಹಿಡಿದರು. ಕಳುಹಿಸಿದೆವು.

ಎಲ್ಲ ಕಡೆಯೂ ಹೀಗೆ ಆಗಲಿಲ್ಲ. ಒಬ್ಬರು ವಾಚನ್ನು ತೆಗೆದುಕೊಂಡವರೇ ಬೆಳಕಿಗೆ ಹಿಡಿದು, 'ಹರಳುಗಳೆಲ್ಲ ಇವೆ ತಾನೇ?' ಎಂದರು. ನಾನು ಅವರ ಎದುರಿಗೇ ಮುಚ್ಚಳ ತೆಗೆದು, ಕಾಣುವ ಹರಳುಗಳನ್ನು ಬೆರಳಿಟ್ಟು ಎಣಿಸಿ ತೋರಿಸಿದೆ. ಈ ಪ್ರಸಂಗವನ್ನು ಭಾಯಿಯವರಿಗೆ ಹೇಳಲಿಲ್ಲ. ಐವರು, 'ಅದನ್ನೇನು ಮಾಡೋಣ, ನೀವೇ ಇಟ್ಟುಕೊಳ್ಳಿ' ಎಂದರು. ಅವರಿಂದ ಒಂದು ಸಾಲು ಬರೆಸಿ, ಸಹಿ ಹಾಕಿಸಿಕೊಂಡು ಬರಬೇಕೆಂಬುದು ಭಾಯಿಯವರ ಆಜ್ಞೆ. ಆ ಐದು ವಾಚುಗಳು ಈಗ ಕಲಿಯಲು ಬರುವ ಮಕ್ಕಳ ಅಭ್ಯಾಸಕ್ಕಿವೆ. ಕಳೆದ ಬೇಸಿಗೆ ರಜೆಯಲ್ಲಿ ಧರ್ಮೋಪದೇಶದ ತರಗತಿಯ ಮೂವರು ಮಕ್ಕಳು ಬಂದರು. ಇಬ್ಬರು ಒಂದು ವಾರದಲ್ಲಿ ಬೇಸತ್ತರು. ಹದಿಮೂರು ವರ್ಷದ ಒಬ್ಬ ಹುಡುಗಿ ಮಾತ್ರ ಉಳಿದಿದ್ದಾಳೆ. ಅಕ್ಕನವರ ಕೈಗಳು ಈಗ ನಡುಗುತ್ತವೆ. ಸುರುಳಿಯನ್ನು ಎಲ್ಲಿ ಹಿಡಿಯಬೇಕೆಂದು ಅವರು ಬಾಯಲ್ಲಿ ಹೇಳುತ್ತಾರೆ, ಹುಡುಗಿ ಹಿಡಿಯುತ್ತಾಳೆ.

ಈ ನಾಲ್ಕಾರು ವರ್ಷಗಳಲ್ಲಿ 41 ವಾಚುಗಳು ಮನೆ ಸೇರಿವೆ. ಉಳಿದಿರುವುದು 17. ಅವುಗಳಲ್ಲಿ ಒಂಬತ್ತು ಎಚ್.ಎಂ.ಟಿ., ಎರಡು ಆಲ್ವಿನ್, ಒಂದು ಫಾವ್ರೆ ಲ್ಯೂಬಾ, ಮಿಕ್ಕವು ಬ್ಯಾಟರಿಯವು. ಶಿರಾ ರೂಟಿನ ಕಂಡಕ್ಟರರ ವಾಚೂ ಇನ್ನೂ ಇಲ್ಲೇ ಇದೆ. ಎಣ್ಣೆ ಒಣಗದಂತೆ ಇರಲೆಂದು, ಕೀ ಕೊಡುವ ಎಲ್ಲ ವಾಚುಗಳಿಗೂ ಹುಡುಗಿ ಎರಡನೆಯ ಶನಿವಾರ ಕೀ ಕೊಡುತ್ತಾಳೆ. ಒಂದೇ ಕೋಣೆಯಲ್ಲಿ ಅಷ್ಟೂ ಒಟ್ಟಿಗೆ ನಡೆಯತೊಡಗಿದಾಗ ಮಳೆಗಾಲದ ಮೊದಲ ಹನಿಗಳು ತಗಡಿನ ಮೇಲೆ ಬಿದ್ದಂತೆ ಕೇಳುತ್ತದೆ. 2020ಕ್ಕೆ ಮುಂಚೆ ತುಮಕೂರಿನಲ್ಲಿ ವಾಚನ್ನು ರಿಪೇರಿಗೆ ಕೊಟ್ಟು ಮರೆತವರು ಓದುಗರ ಕುಟುಂಬಗಳಲ್ಲಿ ಯಾರಾದರೂ ಇದ್ದರೆ, ಚೀಟಿ ಕಳೆದಿದ್ದರೂ ಚಿಂತೆಯಿಲ್ಲ, ಗುರುತು ಹೇಳಿದರೆ ಸಾಕು. ಭಾಯಿಯವರಿಗೆ ಮುಖಗಳು ಈಗ ಕಾಣಿಸುವುದಿಲ್ಲ. ಆದರೆ ಯಾರ ವಾಚಿನ ಸದ್ದು ಹೇಗಿತ್ತೆಂಬುದು ನೆನಪಿದೆ.